ಯುದ್ಧ ಗೆದ್ದವನಿಗೆ ಕಟುಕನ ಹೆಸರು ಅಂಟಿಸಿದ್ದು ಯಾರು?

ಅಮೆರಿಕದ ಅಂತರ್ಯುದ್ಧ ಅಂದ ತಕ್ಷಣ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಅಬ್ರಹಾಂ ಲಿಂಕನ್. ಇನ್ನೂ ಸ್ವಲ್ಪ ಓದಿಕೊಂಡವರಿಗೆ ಗೆಟಿಸ್‌ಬರ್ಗ್ ಗೊತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹುಟ್ಟಿದ ಸರ್ಕಾರದ ಪರ ಹೋರಾಡಿ ಸೋತ ರಾಬರ್ಟ್ ಲೀ ದೊಡ್ಡ ಮನುಷ್ಯ, ಸಭ್ಯ ಸೇನಾನಿ ಅನ್ನೋ ಮಾತನ್ನೂ ನೀವು ಎಲ್ಲೋ ಕೇಳಿರುತ್ತೀರಿ. ಆದರೆ ಅದೇ ಲೀಯನ್ನು ಸೋಲಿಸಿ ಯುದ್ಧ ಮುಗಿಸಿದ ಯುಲಿಸಿಸ್ ಗ್ರಾಂಟ್? ಕುಡುಕ, ಕಟುಕ, ಭ್ರಷ್ಟರನ್ನು ಸಾಕಿದ ಅಧ್ಯಕ್ಷ. ಇಷ್ಟರಲ್ಲೇ ಆತನ ಕಥೆ ಮುಗಿಸಿಬಿಡ್ತಾರೆ.

ಸೋತವನಿಗೆ ಘನತೆ, ಗೆದ್ದವನಿಗೆ ಕಳಂಕ. ಇದು ಹೇಗಾಯ್ತು ಅನ್ನೋ ಪ್ರಶ್ನೆಯೇ ನನ್ನನ್ನು ಗ್ರಾಂಟ್‌ನ ಬದುಕಿನತ್ತ ಎಳೆದದ್ದು. ಓದುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು: ಕದನಗಳು ಯಾರು ಶರಣಾಗಬೇಕು ಅನ್ನೋದನ್ನು ತೀರ್ಮಾನ ಮಾಡ್ತವೆ. ಆಮೇಲೆ ಯಾರು ಮತ ಹಾಕಬೇಕು, ಯಾರು ಪಠ್ಯಪುಸ್ತಕ ಬರೆಯಬೇಕು ಅನ್ನೋದಕ್ಕೆ ಇನ್ನೊಂದು ಜಗಳ ನಡೆಯುತ್ತೆ. ಗ್ರಾಂಟ್ ಮೊದಲನೆಯದನ್ನು ಗೆದ್ದ. ಎರಡನೆಯದರಲ್ಲಿ ಆತನ ದೇಶವೇ ಆತನ ಕೈಬಿಟ್ಟಿತು. ಕೊನೆಕೊನೆಗೆ ಆತನೂ ಕೈಚೆಲ್ಲಿದ.

ಸೌದೆ ಮಾರುತ್ತಿದ್ದ ಸೇನಾಧಿಕಾರಿ

ಗ್ರಾಂಟ್ ಹುಟ್ಟಿದ್ದು 1822ರ ಏಪ್ರಿಲ್ 27ರಂದು, ಒಹಾಯೊ ರಾಜ್ಯದ ಪಾಯಿಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಜೆಸ್ಸಿ ತೊಗಲು ಹದ ಮಾಡಿ ಮಾರುವವನು, ಗುಲಾಮಗಿರಿಯ ವಿರೋಧಿ. ಮಗನಿಗೆ ಆ ಹಸಿ ತೊಗಲು, ರಕ್ತದ ವಾಸನೆ ಕಂಡರೆ ಆಗುತ್ತಿರಲಿಲ್ಲ. ಮಾಂಸ ತಿಂದರೂ ಅದು ಕರಕಲಾಗುವಷ್ಟು ಬೆಂದಿರಬೇಕಿತ್ತು. ಮುಂದೆ ಕಟುಕ ಅನ್ನಿಸಿಕೊಂಡವನು ಇವನೇ ಅನ್ನೋದು ನೆನಪಿರಲಿ.

ಅಪ್ಪನ ಒತ್ತಾಯಕ್ಕೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಸೇರಿದ. ಶಿಫಾರಸು ಮಾಡಿದ ಸಂಸದ ಹೆಸರನ್ನೇ ತಪ್ಪು ಬರೆದ. ಹೈರಮ್ ಯುಲಿಸಿಸ್ ಗ್ರಾಂಟ್ ಆಗಿದ್ದವನು ಯುಲಿಸಿಸ್ ಎಸ್. ಗ್ರಾಂಟ್ ಆಗಿ ಹಾಗೇ ಉಳಿದ. 1843ರಲ್ಲಿ 39 ಜನರ ತಂಡದಲ್ಲಿ 21ನೆಯವನಾಗಿ ಪಾಸಾದ. ಕುದುರೆ ಸವಾರಿ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

1846ರಿಂದ 48ರವರೆಗೆ ಮೆಕ್ಸಿಕೊ ಮೇಲೆ ನಡೆದ ಯುದ್ಧದಲ್ಲಿ ಆತನಿಗೆ ಸಿಕ್ಕ ಮುಖ್ಯ ಕೆಲಸ ಸರಂಜಾಮಿನದು. ಗಾಡಿ, ಹೇಸರಗತ್ತೆ, ಹಿಟ್ಟು, ಮದ್ದುಗುಂಡು ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋ ಲೆಕ್ಕ. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆ ಅನ್ನೋ ಪಾಠವನ್ನು ಗ್ರಾಂಟ್ ಅಲ್ಲಿ ಕಲಿತ. ಬಲಿಷ್ಠ ದೇಶವೊಂದು ದುರ್ಬಲ ನೆರೆಯ ಮೇಲೆ ನಡೆಸಿದ ಅನ್ಯಾಯದ ಯುದ್ಧ ಅದು ಅಂತ ಆಮೇಲೆ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡ.

1848ರಲ್ಲಿ ಜೂಲಿಯಾ ಡೆಂಟ್‌ಳನ್ನು ಮದುವೆಯಾದ. ಆಕೆಯ ಅಪ್ಪ ಮಿಸೌರಿಯ ಜಮೀನುದಾರ, ಗುಲಾಮರನ್ನು ಇಟ್ಟುಕೊಂಡವನು. ಗ್ರಾಂಟ್‌ನ ಮನೆಯವರು ಮದುವೆಗೇ ಬರಲಿಲ್ಲ. ಗುಲಾಮಗಿರಿಯ ಜಗಳ ಆ ದೇಶದ ಸಂಸತ್ತಿನಲ್ಲಷ್ಟೇ ಅಲ್ಲ, ಬೀಗರ ನಡುವೆಯೂ ಇತ್ತು.

ಮುಂದಿನ ವರ್ಷಗಳು ಸೋಲಿನವು. ದೂರದ ಪಶ್ಚಿಮ ಕರಾವಳಿಯ ಠಾಣೆಗಳಲ್ಲಿ ಹೆಂಡತಿ ಮಕ್ಕಳಿಲ್ಲದೆ ಕುಡಿತಕ್ಕೆ ಬಿದ್ದ ಅನ್ನೋ ಮಾತಿನ ನೆರಳಿನಲ್ಲಿ 1854ರಲ್ಲಿ ಕೆಲಸ ಬಿಟ್ಟ. ಬೇಸಾಯ ಮಾಡಿದ, ಕೈ ಹತ್ತಲಿಲ್ಲ. ಸೇಂಟ್ ಲೂಯಿಸ್ ಬೀದಿಗಳಲ್ಲಿ ಸೌದೆ ಮಾರಿದ. 1857ರ ಕ್ರಿಸ್ಮಸ್ ಹೊತ್ತಿಗೆ ಗಡಿಯಾರ ಅಡವಿಟ್ಟ. ಆ ದಿನಗಳಲ್ಲಿ ಆತನ ಬಳಿ ಒಬ್ಬ ಗುಲಾಮನಿದ್ದ, ಹೆಸರು ವಿಲಿಯಂ ಜೋನ್ಸ್. ಮಾರಿದ್ದರೆ ಸಾಲವೆಲ್ಲ ತೀರುವಷ್ಟು ಹಣ ಬರುತ್ತಿತ್ತು. 1859ರಲ್ಲಿ ಗ್ರಾಂಟ್ ಆತನನ್ನು ಮಾರದೆ, ಕೋರ್ಟಿಗೆ ಹೋಗಿ ಬಿಡುಗಡೆಯ ಪತ್ರ ಬರೆದುಕೊಟ್ಟ. ಇದಕ್ಕಾಗಿ ಆತನನ್ನು ಸಂತ ಮಾಡಬೇಕಿಲ್ಲ. ಮನುಷ್ಯನೊಬ್ಬನನ್ನು ಇಟ್ಟುಕೊಂಡಿದ್ದೂ ನಿಜ, ಮಾವನ ಗುಲಾಮರ ದುಡಿಮೆಯಿಂದ ಮನೆ ನಡೆದದ್ದೂ ನಿಜ. 1860ರಲ್ಲಿ ಇಲಿನಾಯ್‌ನ ಗಲೀನಾ ಊರಿಗೆ ಹೋಗಿ ಅಪ್ಪನ ತೊಗಲಿನ ಅಂಗಡಿಯಲ್ಲೇ ಗುಮಾಸ್ತನಾದ. ಆಗ ವಯಸ್ಸು 38.

ನದಿಗಳ ಮೇಲೆ ತೆರೆದ ದಾರಿ

ಆ ವರ್ಷದ ಕೊನೆಗೆ ಲಿಂಕನ್ ಚುನಾವಣೆ ಗೆದ್ದ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದು ಅನ್ನೋ ಪಕ್ಷ ಅಧಿಕಾರಕ್ಕೆ ಬಂದದ್ದೇ ತಡ, ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು. ಕೊನೆಗೆ 11 ರಾಜ್ಯಗಳ ಕಾನ್ಫೆಡರಸಿ ಹುಟ್ಟಿತು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಅವರು ಗುಂಡು ಹಾರಿಸಿದರು. ಇದು ರಾಜ್ಯಗಳ ಹಕ್ಕಿನ ಯುದ್ಧ ಅಂತ ಈಗಲೂ ವಾದಿಸುವವರಿದ್ದಾರೆ. ಯಾವ ಹಕ್ಕು? ಅವರ ಸಂವಿಧಾನವೇ ಅದಕ್ಕೆ ಉತ್ತರ ಬರೆದಿಟ್ಟಿದೆ: ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಹಕ್ಕು.

ಎಲ್ಲರ ಕಣ್ಣು ಪೂರ್ವದ ಎರಡು ರಾಜಧಾನಿಗಳ ಮೇಲಿತ್ತು, ವಾಷಿಂಗ್ಟನ್ ಮತ್ತು ರಿಚ್ಮಂಡ್. ಗ್ರಾಂಟ್ ಇದ್ದದ್ದು ಪಶ್ಚಿಮದಲ್ಲಿ. ಆತ ನೋಡಿದ್ದು ನದಿಗಳನ್ನು. ಟೆನೆಸಿ, ಕಂಬರ್ಲೆಂಡ್ ಮತ್ತು ಮಿಸಿಸಿಪಿ ನದಿಗಳು ದಕ್ಷಿಣದ ಹೊಟ್ಟೆಯೊಳಗೆ ಹೋಗುವ ಹೆದ್ದಾರಿಗಳು. 1862ರ ಫೆಬ್ರುವರಿ 6ರಂದು ಹೆನ್ರಿ ಕೋಟೆ ಬಿತ್ತು, ಹತ್ತು ದಿನದ ನಂತರ ಡೊನೆಲ್ಸನ್ ಕೋಟೆ. ಅಲ್ಲಿ ಶರಣಾದ ದಂಡನಾಯಕ ಬಕ್ನರ್, ಗ್ರಾಂಟ್ ಕೆಲಸ ಕಳೆದುಕೊಂಡು ನ್ಯೂಯಾರ್ಕಿನಲ್ಲಿ ಹೋಟೆಲ್ ಬಿಲ್ಲಿಗೂ ಪರದಾಡುತ್ತಿದ್ದಾಗ ನೆರವಾಗಿದ್ದ ಹಳೆಯ ಗೆಳೆಯ. ಆದರೂ ಗ್ರಾಂಟ್ ಷರತ್ತಿಲ್ಲದ ಶರಣಾಗತಿಯನ್ನೇ ಕೇಳಿದ. 12 ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು, ನ್ಯಾಶ್‌ವಿಲ್ ಕೈಬಿಟ್ಟಿತು. ಪತ್ರಿಕೆಗಳು ಆತ ಚುಟ್ಟಾ ಸೇದುತ್ತಾ ಯುದ್ಧ ನಡೆಸಿದ ಅಂತ ಬರೆದವು, ಅಭಿಮಾನಿಗಳು ಸಾವಿರಾರು ಚುಟ್ಟಾ ಕಳಿಸಿದರು. ಆ ಉಡುಗೊರೆ ಕೊನೆಗೆ ಆತನ ಗಂಟಲನ್ನೇ ತಿಂದಿತು.

ಏಪ್ರಿಲ್ 6ರಂದು ಶೈಲೋ. ಗ್ರಾಂಟ್ ಎಚ್ಚರ ತಪ್ಪಿದ್ದ. ಕಂದಕ ತೋಡಿರಲಿಲ್ಲ, ಬೆಳಗ್ಗೆ ಬೆಳಗ್ಗೆಯೇ ಶತ್ರು ಪಡೆ ಡೇರೆಗಳ ಮೇಲೆ ಬಿತ್ತು. ಇಡೀ ದಿನ ಹಿಮ್ಮೆಟ್ಟಿ ನದಿಯ ದಡಕ್ಕೆ ಬಂದು ನಿಂತ ಸೈನ್ಯ, ರಾತ್ರಿ ಹೊಸ ಪಡೆ ಬಂದ ಮೇಲೆ ಮರುದಿನ ತಿರುಗಿಬಿದ್ದು ಗೆದ್ದಿತು. ಎರಡು ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 24,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದು ದೊಡ್ಡ ಗೆಲುವಿನಿಂದ ದಕ್ಷಿಣ ಬಗ್ಗುತ್ತದೆ ಅನ್ನೋ ನಂಬಿಕೆ ಗ್ರಾಂಟ್‌ನಲ್ಲಿ ಸತ್ತದ್ದು ಇಲ್ಲಿ. ಗುಲಾಮಗಿರಿಯ ಮೇಲೆ ನಿಂತ ಇಡೀ ವ್ಯವಸ್ಥೆ ಕುಸಿಯುವವರೆಗೂ ಇದು ನಿಲ್ಲಲ್ಲ ಅಂತ ಆತನಿಗೆ ಗೊತ್ತಾಯ್ತು.

ಕದನಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಸಂಗತಿ ಇಲ್ಲಿದೆ. ಗ್ರಾಂಟ್‌ನ ಸೈನ್ಯ ಒಂದೊಂದು ಮೈಲಿ ಒಳಗೆ ಹೋದಂತೆ, ತೋಟಗಳಿಂದ ಗುಲಾಮರು ಗಂಟುಮೂಟೆ ಕಟ್ಟಿಕೊಂಡು ಸಾವಿರ ಸಾವಿರ ಸಂಖ್ಯೆಯಲ್ಲಿ ಅದರತ್ತ ನಡೆದು ಬಂದರು. ಬಿಡುಗಡೆಯ ಘೋಷಣೆಗೆ ಮೊದಲೇ ಬಂದರು. 1862ರ ನವೆಂಬರಿನಲ್ಲಿ ಗ್ರಾಂಟ್ ಜಾನ್ ಈಟನ್ ಎಂಬ ಸೇನಾ ಪಾದ್ರಿಯನ್ನು ಕರೆದು, ಇವರಿಗೆ ಊಟ, ನೆಲೆ, ಕೂಲಿ ಕೊಡುವ ಕೆಲಸ ಒಪ್ಪಿಸಿದ. ದಕ್ಷಿಣದ ಹೊಲದಲ್ಲಿ ದುಡಿಯುವ ಕೈಗಳು ಹೊಲ ಬಿಟ್ಟು ಎದ್ದು ಬಂದದ್ದು ಯಾವ ದೊಡ್ಡ ಕದನಕ್ಕೂ ಕಡಿಮೆಯದಲ್ಲ.

ಪೂರ್ವದಲ್ಲಿ ಆಂಟೀಟಮ್ ಕದನ ನಡೆದದ್ದು ಅದೇ ಸೆಪ್ಟೆಂಬರ್ 17ರಂದು. ಅಲ್ಲಿ ಗ್ರಾಂಟ್ ಇರಲಿಲ್ಲ. ಲೀ ಹಿಂದಕ್ಕೆ ಸರಿದದ್ದನ್ನೇ ಆಸರೆ ಮಾಡಿಕೊಂಡು ಲಿಂಕನ್ ಐದು ದಿನದ ನಂತರ ಬಿಡುಗಡೆಯ ಘೋಷಣೆಯ ಮುನ್ಸೂಚನೆ ಕೊಟ್ಟ. 1863ರ ಜನವರಿ 1ರಿಂದ ಅದು ಜಾರಿಯಾಯ್ತು. ಅಲ್ಲಿಂದ ಮುಂದೆ ಒಕ್ಕೂಟದ ಸೈನ್ಯದ ಗೆಲುವು ಅಂದರೆ ಗುಲಾಮಗಿರಿಯ ಅಂತ್ಯ ಅಂತಲೇ ಅರ್ಥ.

ಇದೇ ಡಿಸೆಂಬರಿನಲ್ಲಿ ಗ್ರಾಂಟ್ ತನ್ನ ಬದುಕಿನ ಅತ್ಯಂತ ಕೆಟ್ಟ ಆದೇಶ ಹೊರಡಿಸಿದ. ಹತ್ತಿಯ ಕಳ್ಳವ್ಯಾಪಾರ ತಡೆಯುವ ನೆಪದಲ್ಲಿ ತನ್ನ ಸೇನಾ ವಲಯದಿಂದ ಯೆಹೂದಿಗಳೆಲ್ಲರೂ ಹೊರಹೋಗಬೇಕು ಅಂದ. ಕೆಲವರ ತಪ್ಪಿಗೆ ಇಡೀ ಸಮುದಾಯವನ್ನು ಹೊಣೆ ಮಾಡುವುದು ನಮಗೆ ಹೊಸದಲ್ಲ, ಅಲ್ವಾ? ಲಿಂಕನ್ ಅದನ್ನು ಕೂಡಲೇ ರದ್ದು ಮಾಡಿಸಿದ. ಆ ಕಲೆಯನ್ನು ಮುಚ್ಚಿಟ್ಟು ಗ್ರಾಂಟ್‌ನ ಕಥೆ ಹೇಳುವುದು ಸರಿಯಲ್ಲ.

ವಿಕ್ಸ್‌ಬರ್ಗ್ ಮತ್ತು ಧಾರವಾಡದ ಹತ್ತಿ

ನನ್ನನ್ನು ಕೇಳಿದರೆ ಯುದ್ಧದ ದಿಕ್ಕು ತಿರುಗಿದ್ದು ವಿಕ್ಸ್‌ಬರ್ಗ್‌ನಲ್ಲಿ. ಮಿಸಿಸಿಪಿ ನದಿಯ ತಿರುವಿನಲ್ಲಿ, ಎತ್ತರದ ದಿಬ್ಬದ ಮೇಲಿದ್ದ ಊರು. ಅದು ಕೈಯಲ್ಲಿರುವವರೆಗೂ ದಕ್ಷಿಣದ ಪೂರ್ವ, ಪಶ್ಚಿಮ ಭಾಗಗಳು ಜೋಡಿಕೊಂಡಿರುತ್ತಿದ್ದವು. ಚಳಿಗಾಲವಿಡೀ ಕಾಲುವೆ ತೋಡಿ, ಜೌಗಿನಲ್ಲಿ ದೋಣಿ ನುಗ್ಗಿಸಿ ಗ್ರಾಂಟ್ ಸೋತ. ಆಮೇಲೆ 1863ರ ಏಪ್ರಿಲ್ 16ರ ರಾತ್ರಿ ಫಿರಂಗಿಗಳ ಎದುರೇ ಹಡಗುಗಳನ್ನು ಹಾಯಿಸಿದ. ಏಪ್ರಿಲ್ 30ರಂದು ಊರಿನ ದಕ್ಷಿಣಕ್ಕೆ ಸೈನ್ಯವನ್ನು ನದಿ ದಾಟಿಸಿದ. ಬೆನ್ನ ಹಿಂದಿನ ಸರಬರಾಜಿಗೆ ಕಾಯದೆ, ಬಹುಪಾಲು ಸುತ್ತಲಿನ ಹಳ್ಳಿಗಾಡಿನ ದವಸವನ್ನೇ ನಂಬಿ ನಡೆದ. ಪೋರ್ಟ್ ಗಿಬ್ಸನ್, ರೇಮಂಡ್, ಜಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ನದಿ - ಮೂರು ವಾರದೊಳಗೆ ಐದು ಕದನ, ಐದೂ ಗೆಲುವು. 47 ದಿನದ ಮುತ್ತಿಗೆಯಲ್ಲಿ ಊರಿನವರು ಗುಹೆ ತೋಡಿಕೊಂಡು ಬದುಕಿದರು, ಹೇಸರಗತ್ತೆ ಕೊಯ್ದು ತಿಂದರು. ಜುಲೈ 4ರಂದು ಸುಮಾರು 29,500 ಸೈನಿಕರು ಶರಣಾದರು. ಹಿಂದಿನ ದಿನವಷ್ಟೇ ಗೆಟಿಸ್‌ಬರ್ಗ್‌ನಲ್ಲಿ ಲೀ ಸೋತಿದ್ದ. ಗೆಟಿಸ್‌ಬರ್ಗ್ ಲೀಯನ್ನು ಹಿಂದಕ್ಕೆ ಕಳಿಸಿತು. ವಿಕ್ಸ್‌ಬರ್ಗ್ ಕಾನ್ಫೆಡರಸಿಯನ್ನು ಎರಡು ಹೋಳು ಮಾಡಿತು.

ಮುತ್ತಿಗೆ ನಡೆಯುತ್ತಿದ್ದಾಗ, ಜೂನ್ 7ರಂದು ಮಿಲಿಕೆನ್ಸ್ ಬೆಂಡ್ ಎಂಬಲ್ಲಿ ಒಂದು ಸಣ್ಣ ಕದನ ನಡೆಯಿತು. ಕೆಲವೇ ವಾರಗಳ ಹಿಂದೆ ಗುಲಾಮರಾಗಿದ್ದವರು, ಬಂದೂಕು ಹಿಡಿಯುವ ತರಬೇತಿಯೂ ಸರಿಯಾಗಿ ಸಿಗದವರು, ಕೈಕೈ ಮಿಲಾಯಿಸಿ ಹೋರಾಡಿ ದಾಳಿಯನ್ನು ತಡೆದರು. ಕಪ್ಪು ಜನ ಸೈನಿಕರಾಗಬಲ್ಲರೇ ಅನ್ನೋ ಅನುಮಾನಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಒಕ್ಕೂಟದ ಸೈನ್ಯದಲ್ಲಿದ್ದರು.

ಈ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತು. ದಕ್ಷಿಣದ ಬಂದರುಗಳಿಗೆ ಒಕ್ಕೂಟದ ನೌಕಾಪಡೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯ್ತು. ಬ್ರಿಟಿಷರ ಕಣ್ಣು ಧಾರವಾಡ ಸೀಮೆಯ ಎರೆಭೂಮಿಯ ಮೇಲೆ ಬಿತ್ತು. ಅಮೆರಿಕದ ಬೀಜದಿಂದ ಇಲ್ಲಿ ಆಗಲೇ ಬೆಳೆಯುತ್ತಿದ್ದ, ಧಾರವಾಡ ಅಮೆರಿಕನ್ ಅಂತಲೇ ಹೆಸರಾದ ಹತ್ತಿಗೆ ಬಂಗಾರದ ಬೆಲೆ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ, ಈ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು, ಬಾಂಬೆಯ ಷೇರುಪೇಟೆ ನೆಲಕಚ್ಚಿತು. ಅಲ್ಲಿ ಗುಲಾಮರ ಸಂಕೋಲೆ ಕಳಚಿದ ಸುದ್ದಿ ಇಲ್ಲಿಗೆ ತಲುಪಿದ್ದು ಹತ್ತಿಯ ದರವಾಗಿ. ಸಾಮ್ರಾಜ್ಯದ ಲೆಕ್ಕ ಪುಸ್ತಕ ಇರುವುದೇ ಹೀಗೆ.

ಕಟುಕ ಅನ್ನೋ ಪಟ್ಟ

1863ರ ನವೆಂಬರಿನಲ್ಲಿ ಚಾಟನೂಗಾದಲ್ಲಿ ಗ್ರಾಂಟ್ ಜನರಲ್ ಬ್ರ್ಯಾಗ್‌ನನ್ನು ಸೋಲಿಸಿದ. 1864ರ ಮಾರ್ಚಿನಲ್ಲಿ ಲಿಂಕನ್ ಆತನನ್ನು ಇಡೀ ಸೈನ್ಯದ ಮುಖ್ಯಸ್ಥನನ್ನಾಗಿ ಮಾಡಿದ. ಮೇ 5ರಂದು ವರ್ಜೀನಿಯಾದ ವಿಲ್ಡರ್ನೆಸ್ ಕಾಡಿನಲ್ಲಿ ಗ್ರಾಂಟ್ ಮತ್ತು ಲೀ ಮೊದಲ ಬಾರಿಗೆ ಎದುರಾದರು. ಕಾಡಿಗೆ ಬೆಂಕಿ ಬಿದ್ದು ಗಾಯಾಳುಗಳು ಜೀವಂತ ಸುಟ್ಟುಹೋದರು. ಹಿಂದಿನ ದಂಡನಾಯಕರೆಲ್ಲ ಇಂಥ ಹೊಡೆತ ತಿಂದ ಮೇಲೆ ಉತ್ತರಕ್ಕೆ ಮರಳುತ್ತಿದ್ದರು. ಗ್ರಾಂಟ್ ಸೈನ್ಯವನ್ನು ದಕ್ಷಿಣಕ್ಕೆ ತಿರುಗಿಸಿದ. ಅದನ್ನು ಕಂಡು ಸೋತು ಸುಣ್ಣವಾಗಿದ್ದ ಸೈನಿಕರು ಜೈಕಾರ ಹಾಕಿದರು. ನನ್ನ ಪ್ರಕಾರ ಇಡೀ ಯುದ್ಧದ ಅತ್ಯಂತ ನಿರ್ಣಾಯಕ ಕ್ಷಣ ಇದೇ. ಗುಂಡು ಹಾರಿಸದೆ, ಒಂದು ಕವಲುದಾರಿಯಲ್ಲಿ ಆದ ತೀರ್ಮಾನ.

ಆಮೇಲೆ ಸ್ಪಾಟ್ಸಿಲ್ವೇನಿಯಾ. ಜೂನ್ 3ರಂದು ಕೋಲ್ಡ್ ಹಾರ್ಬರ್‌ನಲ್ಲಿ, ಭದ್ರ ಕಂದಕಗಳ ಮೇಲೆ ನೇರ ದಾಳಿ ಮಾಡಿಸಿ ಸಾವಿರಾರು ಜನರನ್ನು ಕಳೆದುಕೊಂಡ. ಆ ದಾಳಿಗಾಗಿ ಸಾಯುವವರೆಗೂ ಪಶ್ಚಾತ್ತಾಪಪಟ್ಟ. ಆರು ವಾರಗಳಲ್ಲಿ ಒಕ್ಕೂಟದ ಕಡೆ ಸುಮಾರು 55,000 ಜನ ಸತ್ತು, ಗಾಯಗೊಂಡು, ಕಾಣೆಯಾದರು. ಕಟುಕ ಅನ್ನೋ ಹೆಸರು ಅಂಟಿದ್ದು ಇಲ್ಲಿಂದ. ಆದರೆ ಅದೇ ಅವಧಿಯಲ್ಲಿ ಲೀ ಕಳೆದುಕೊಂಡದ್ದು ತನ್ನ ಸೈನ್ಯದ ಹತ್ತಿರ ಹತ್ತಿರ ಅರ್ಧ. ಪಾಲಿನ ಲೆಕ್ಕ ಹಾಕಿದರೆ ತನ್ನವರನ್ನು ಹೆಚ್ಚು ಬಲಿ ಕೊಟ್ಟವನು ಲೀ. ಆತನನ್ನು ಯಾರೂ ಕಟುಕ ಅನ್ನಲಿಲ್ಲ.

ಇನ್ನೊಂದು ಆರೋಪ, ಸೆರೆಯಾಳುಗಳ ವಿನಿಮಯ ನಿಂತು ಕೈದಿಗಳು ಹಸಿವಿನಿಂದ ಸತ್ತರು ಅನ್ನೋದು. ಕಾನ್ಫೆಡರಸಿ ಕಪ್ಪು ಸೈನಿಕರನ್ನು ಯುದ್ಧಕೈದಿಗಳು ಅಂತ ಒಪ್ಪಲೇ ಇಲ್ಲ. ಏಪ್ರಿಲ್ 12ರಂದು ಪಿಲ್ಲೋ ಕೋಟೆಯಲ್ಲಿ ಶರಣಾದ ಕಪ್ಪು ಸೈನಿಕರನ್ನು ಕೊಂದರು. ಎಲ್ಲ ಸೈನಿಕರನ್ನೂ ಸಮಾನವಾಗಿ ಕಾಣದಿದ್ದರೆ ವಿನಿಮಯವೇ ಇಲ್ಲ ಅಂತ ಗ್ರಾಂಟ್ ಪಟ್ಟು ಹಿಡಿದ. ವಿನಿಮಯವಾದರೆ ಶತ್ರು ಸೈನ್ಯಕ್ಕೇ ಜನ ಸಿಗುತ್ತಾರೆ ಅನ್ನೋ ಲೆಕ್ಕವೂ ಅದರಲ್ಲಿತ್ತು. ಎರಡನ್ನೂ ಹೇಳಬೇಕು.

ಒಂಬತ್ತು ತಿಂಗಳು ಪೀಟರ್ಸ್‌ಬರ್ಗ್ ಸುತ್ತ ಕಂದಕ ಯುದ್ಧ ನಡೆಯಿತು. ಲೀ ಅಲ್ಲಿ ಸಿಕ್ಕಿಬಿದ್ದಿದ್ದಾಗ ಶರ್ಮನ್ 1864ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾ ಹಿಡಿದ. ಆ ಗೆಲುವೇ ನವೆಂಬರಿನಲ್ಲಿ ಲಿಂಕನ್‌ನನ್ನು ಮತ್ತೆ ಗೆಲ್ಲಿಸಿತು ಅಂದರೆ ತಪ್ಪಿಲ್ಲ. 1865ರ ಏಪ್ರಿಲ್ 3ರಂದು ರಿಚ್ಮಂಡ್ ಬಿತ್ತು, 9ರಂದು ಅಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದ. ಲೀ ಹೊಸ ಸಮವಸ್ತ್ರದಲ್ಲಿ ಬಂದ. ಗ್ರಾಂಟ್ ಕೆಸರು ಮೆತ್ತಿದ ಬೂಟು, ಸಾಮಾನ್ಯ ಸೈನಿಕನ ಅಂಗಿಯಲ್ಲಿ. ಶರಣಾದವರು ತಮ್ಮ ಕುದುರೆಗಳನ್ನು ಉಳುಮೆಗೆ ಮನೆಗೆ ಒಯ್ಯಲಿ ಅಂದ, ಹಸಿದಿದ್ದ 25,000 ಜನಕ್ಕೆ ಆಹಾರ ಕಳಿಸಿದ. ಶರಣಾಗತಿಯ ಷರತ್ತುಗಳನ್ನು ನೀಟಾಗಿ ಬರೆದದ್ದು ಸೆನೆಕಾ ಬುಡಕಟ್ಟಿನ ಅಧಿಕಾರಿ ಈಲಿ ಪಾರ್ಕರ್.

ನಾಲ್ಕು ವರ್ಷದಲ್ಲಿ ಸತ್ತವರು 6.2 ಲಕ್ಷದಿಂದ 7.5 ಲಕ್ಷದವರೆಗೆ. ಬಿಡುಗಡೆಯಾದವರು ಸುಮಾರು 40 ಲಕ್ಷ.

ಗೆದ್ದ ಮೇಲಿನ ಯುದ್ಧ

ಐದೇ ದಿನಕ್ಕೆ ಲಿಂಕನ್‌ಗೆ ಗುಂಡು ಬಿತ್ತು. ಸೋತವರು ಕು ಕ್ಲಕ್ಸ್ ಕ್ಲಾನ್ ಕಟ್ಟಿಕೊಂಡು ರಾತ್ರಿ ಹೊತ್ತು ಯುದ್ಧ ಮುಂದುವರಿಸಿದರು. ಗುರಿ ಒಂದೇ, ಕಪ್ಪು ಜನ ಮತಗಟ್ಟೆಗೆ ಬರಬಾರದು. 1869ರಲ್ಲಿ ಅಧ್ಯಕ್ಷನಾದ ಗ್ರಾಂಟ್, ಬಣ್ಣದ ಆಧಾರದಲ್ಲಿ ಮತದ ಹಕ್ಕು ಕಸಿಯುವಂತಿಲ್ಲ ಅನ್ನೋ 15ನೇ ತಿದ್ದುಪಡಿಯ ಬೆನ್ನಿಗೆ ನಿಂತ. 1870ರಲ್ಲಿ ಅದು ಜಾರಿಯಾಯ್ತು. 1871ರಲ್ಲಿ ಕ್ಲಾನ್ ವಿರುದ್ಧ ಕಾನೂನು ತಂದು, ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಿಗೆ ಸೈನ್ಯ ಕಳಿಸಿ ನೂರಾರು ಜನರನ್ನು ಬಂಧಿಸಿದ. ಕ್ಲಾನ್‌ನ ಬೆನ್ನೆಲುಬು ಮುರಿಯಿತು. ಸರ್ಕಾರ ಮನಸ್ಸು ಮಾಡಿದರೆ ಗುಂಪು ಹಿಂಸೆ ನಿಲ್ಲುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1873ರಲ್ಲಿ ಜ್ಯೋತಿಬಾ ಫುಲೆ ಗುಲಾಮಗಿರಿ ಪುಸ್ತಕ ಪ್ರಕಟಿಸಿ, ಕಪ್ಪು ಜನರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಅದೇ ವರ್ಷದ ಏಪ್ರಿಲ್ 13ರಂದು, ಲೂಸಿಯಾನದ ಕೋಲ್‌ಫ್ಯಾಕ್ಸ್‌ನಲ್ಲಿ ಚುನಾವಣೆಯ ತಕರಾರಿನ ಹೆಸರಲ್ಲಿ ಅರವತ್ತಕ್ಕೂ ಹೆಚ್ಚು ಕಪ್ಪು ಜನರನ್ನು ಕೊಂದರು, ಹಲವರನ್ನು ಶರಣಾದ ಮೇಲೆ. ಪುಣೆಯಲ್ಲಿ ಕುಳಿತು ಫುಲೆ ಕಂಡ ಭರವಸೆ ಅಮೆರಿಕದಲ್ಲೇ ರಕ್ತ ಸುರಿಸುತ್ತಿತ್ತು. ಶಿಕ್ಷೆಯಾದ ಬೆರಳೆಣಿಕೆಯ ಮಂದಿಯನ್ನೂ 1876ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. ಸಂವಿಧಾನ ರಾಜ್ಯವನ್ನು ತಡೆಯಬಹುದು, ಖಾಸಗಿ ಕೊಲೆಗಡುಕರನ್ನಲ್ಲ ಅನ್ನೋ ತರ್ಕ.

1873ರ ಆರ್ಥಿಕ ಕುಸಿತ, ವಿಸ್ಕಿ ತೆರಿಗೆ ಹಗರಣ, ಆಪ್ತರ ಭ್ರಷ್ಟಾಚಾರ - ಗ್ರಾಂಟ್ ಸರ್ಕಾರದ ಮರ್ಯಾದೆ ಹೋಯ್ತು. ಉತ್ತರದ ಮತದಾರರಿಗೂ ದಕ್ಷಿಣದ ಗೋಳು ಕೇಳಿ ಸಾಕಾಗಿತ್ತು. 1875ರಲ್ಲಿ ಮಿಸಿಸಿಪಿಯ ರಾಜ್ಯಪಾಲ ಏಮ್ಸ್ ಕಪ್ಪು ಮತದಾರರ ರಕ್ಷಣೆಗೆ ಸೈನ್ಯ ಕೇಳಿದಾಗ ಗ್ರಾಂಟ್ ಕಳಿಸಲಿಲ್ಲ. ಯಾವ ರಾಜ್ಯದ ವಿಕ್ಸ್‌ಬರ್ಗ್ ಗೆದ್ದು ಹೆಸರು ಮಾಡಿದ್ದನೋ ಅದೇ ರಾಜ್ಯ. ಮೂಲನಿವಾಸಿಗಳ ವಿಷಯದಲ್ಲೂ ಹೀಗೇ: ಶಾಂತಿಯ ಮಾತಾಡುತ್ತಾ, ಈಲಿ ಪಾರ್ಕರ್‌ನನ್ನೇ ಆ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿ ಶುರುಮಾಡಿದವನು, ಬ್ಲ್ಯಾಕ್ ಹಿಲ್ಸ್‌ನ ಚಿನ್ನಕ್ಕಾಗಿ ಲಕೋಟಾ ಜನರ ಮೇಲೆ ಯುದ್ಧಕ್ಕೆ ದಾರಿ ಮಾಡಿಕೊಟ್ಟ. 1877ರಲ್ಲಿ ಆತ ಅಧಿಕಾರ ಬಿಟ್ಟ ಬೆನ್ನಲ್ಲೇ ದಕ್ಷಿಣದ ಸರ್ಕಾರಗಳಿಗೆ ಕಾವಲಿದ್ದ ಸೈನ್ಯ ಹಿಂದೆ ಸರಿಯಿತು.

1884ರಲ್ಲಿ ಪಾಲುದಾರನೊಬ್ಬನ ವಂಚನೆಯಿಂದ ಗ್ರಾಂಟ್ ಕಾಸಿಲ್ಲದವನಾದ. ಗಂಟಲಲ್ಲಿ ಕ್ಯಾನ್ಸರ್. ಹೆಂಡತಿಗೆ ಏನಾದರೂ ಉಳಿಸಬೇಕು ಅಂತ, ಮಾರ್ಕ್ ಟ್ವೇನ್ ಪ್ರಕಾಶಕನಾಗಿ ಮುಂದೆ ಬಂದಾಗ ಆತ್ಮಕಥೆ ಬರೆಯತೊಡಗಿದ. ನುಂಗಲಾಗದ, ಮಾತಾಡಲಾಗದ ಸ್ಥಿತಿಯಲ್ಲಿ ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡ. ಜೂಲಿಯಾಗೆ ಸುಮಾರು 4.5 ಲಕ್ಷ ಡಾಲರ್ ಬಂತು. ಯುದ್ಧಕ್ಕೆ ಕಾರಣ ಗುಲಾಮಗಿರಿ ಅಂತ ಆ ಪುಸ್ತಕದಲ್ಲಿ ನೇರವಾಗಿಯೇ ಬರೆದಿದ್ದಾನೆ.

ಆದರೆ ದೇಶ ನಂಬಿದ್ದು ಬೇರೆ ಕಥೆಯನ್ನು. ಸೋತ ಜನರಲ್‌ಗಳು, ಅವರ ಸಂಘಗಳು, ಆಮೇಲೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸೇರಿ, ದಕ್ಷಿಣ ಹೋರಾಡಿದ್ದು ಮಾನಕ್ಕಾಗಿ, ಸೋತದ್ದು ಸಂಖ್ಯೆಯ ಮುಂದೆ ಅಂತ ಬರೆದರು. ಕಪ್ಪು ಜನರಿಗೆ ಮತ ಕೊಟ್ಟದ್ದೇ ತಪ್ಪು ಅನ್ನಬೇಕಾದರೆ, ಮತ ಕೊಡಿಸಿದವನು ಕುಡುಕನೂ ಮೂರ್ಖನೂ ಆಗಲೇಬೇಕಿತ್ತು. ಗ್ರಾಂಟ್‌ಗೆ ಬಳಿದ ಮಸಿ ನಿಜವಾಗಿ ಬಿದ್ದದ್ದು ಆ ಮತದ ಹಕ್ಕಿನ ಮೇಲೆ. ರಿಚ್ಮಂಡ್‌ನಲ್ಲಿ 1890ರಲ್ಲಿ ಎದ್ದ ಲೀ ಪ್ರತಿಮೆ ಇಳಿದದ್ದು 2021ರಲ್ಲಿ. ಗ್ರಾಂಟ್ ಸೋಲಿಸಿದ ಬ್ರ್ಯಾಗ್‌ನ ಹೆಸರನ್ನು ಅಮೆರಿಕದ ಸೈನ್ಯವೇ 1918ರಲ್ಲಿ ತನ್ನ ಸೇನಾ ನೆಲೆಗೆ ಇಟ್ಟುಕೊಂಡಿತು. 2023ರಲ್ಲಿ ತೆಗೆಯಿತು, 2025ರಲ್ಲಿ ಅದೇ ಉಪನಾಮದ ಬೇರೊಬ್ಬ ಸೈನಿಕನ ನೆಪ ಹೇಳಿ ಮತ್ತೆ ಬ್ರ್ಯಾಗ್ ಅಂತಲೇ ಕರೆಯಿತು. 2020ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಪ್ರತಿಭಟನಾಕಾರರು ಗ್ರಾಂಟ್‌ನ ಪ್ರತಿಮೆಯನ್ನೂ ಉರುಳಿಸಿದರು.

ಗ್ರಾಂಟ್‌ಗೆ ಹೊಸ ಪ್ರತಿಮೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ವಿಲಿಯಂ ಜೋನ್ಸ್, ಯೆಹೂದಿಗಳ ವಿರುದ್ಧದ ಆದೇಶ, ಬ್ಲ್ಯಾಕ್ ಹಿಲ್ಸ್ ಎಲ್ಲವೂ ಆತನ ಲೆಕ್ಕದಲ್ಲೇ ಇರಲಿ. ಆದರೆ ಕಾನೂನು ಪಾಸಾಯ್ತು, ಚುನಾವಣೆ ಗೆದ್ದೆವು, ಇನ್ನೇನು ಮನೆಗೆ ಹೋಗೋಣ ಅಂತ ನಾವು ಎಷ್ಟು ಸಲ ಅಂದುಕೊಂಡಿಲ್ಲ? ವಿಲ್ಡರ್ನೆಸ್ ಕಾಡಿನ ಕವಲಲ್ಲಿ ಗ್ರಾಂಟ್ ದಕ್ಷಿಣಕ್ಕೆ ತಿರುಗಿದ. 1875ರಲ್ಲಿ ಅದೇ ಗ್ರಾಂಟ್ ಹಿಂದಕ್ಕೆ ತಿರುಗಿದ. ಆ ಎರಡನೆಯ ತಿರುವಿನ ಬೆಲೆಯನ್ನು ದಕ್ಷಿಣದ ಕಪ್ಪು ಜನ 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬರುವವರೆಗೆ, ತೊಂಬತ್ತು ವರ್ಷ ತೆತ್ತರು.